ಮೂರು ಮಾರಿನ ದಾರ

ಅಂಗಳಕ್ಕೆ ಸಗಣಿ ಬಳಿಯುತ್ತಿದ್ದೆ. ಕೊಯ್ಲು ಮುಗಿದು ಭತ್ತ ಮನೆಗೆ ಬರುವ ಮೊದಲು ಅಂಗಳವನ್ನು ಸಾರಿಸಿ ಗಟ್ಟಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಾಳಿನ ಜೊತೆ ಮಣ್ಣನ್ನೂ ಗುಡಿಸಿ ತುಂಬಿಕೊಳ್ಳುವ ಹಾಗಾಗುತ್ತದೆ. ಅರ್ಧ ಆಗಿತ್ತು ಅಷ್ಟೆ. ಜಗುಲಿಯ ಮೇಲಿಟ್ಟಿದ್ದ ಫೋನು ಹೊಡೆದುಕೊಂಡಿತು. ನನ್ನ ಎರಡೂ ಕೈ ಸಗಣಿ. ಬಿಟ್ಟುಬಿಡೋಣ ಅಂದುಕೊಂಡೆ. ಅದು ನಿಂತು ಮತ್ತೆ ಶುರುವಾಯಿತು. ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

ಹಿನ್ನೀರಿನ ದಡದ ಮನೆಯವಳು. "ಅಕ್ಕಾ, ಎಂತ ಮಾಡ್ತಿದ್ರಿ? ನಿಮ್ಮನೆ ಭಾವ ದೋಣಿ ಎಳೀತಿದ್ರು ಮಾರಾಯ್ರೆ!"

"ಯಾವ ದೋಣಿ?"

"ನಿಮ್ಮದೇ. ಒಂದು ಕೈಯಲ್ಲಿ ಎಳೀತಿದ್ರು. ನಾ ಹಿಡೀತೆ ಅಂದ್ರೆ, ನಿನ್ನ ದನ ಕಟ್ಟು ಹೋಗು ಅಂದ್ರು. ಅರ್ಧ ನೀರಿಗೆ ಇಳ್ದದೆ. ನೀವು ಬಂದ್ರೆ ಚಲೊ."

ಎಂಟು ತಿಂಗಳಿಂದ ಆ ದೋಣಿ ದಡದ ಮತ್ತಿಮರದ ಕೆಳಗೆ ಬೋರಲಾಗಿ ಬಿದ್ದಿತ್ತು. ಬೇಸಿಗೆಯಲ್ಲಿ ಗೊಬ್ಬರಕ್ಕೆ ಸೊಪ್ಪು ಕಡಿಯಲು ಮರ ಹತ್ತಿದ ನಮ್ಮನೆಯವರು ಕೊಂಬೆಯ ಜೊತೆಗೇ ಕೆಳಗೆ ಬಂದಿದ್ದರು. ಬಲಗೈ ಮೊಣಕೈ ಮುರಿಯಿತು. ತಲೆಗೆ ಒಂದು ಗೀರೂ ಆಗಲಿಲ್ಲ. ಕತ್ತಿ ಪಕ್ಕದಲ್ಲೇ ಬಿದ್ದಿತ್ತು, ಅದೂ ತಾಗಲಿಲ್ಲ. ಸಿರ್ಸಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅವತ್ತು ಇಷ್ಟನ್ನೇ ಹೇಳಿಕೊಂಡು ಅಮ್ಮನವರಿಗೆ ಕೈ ಮುಗಿಯುತ್ತಿದ್ದೆ. ಮೂಳೆ ಕೂಡಿತು. ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಮರಗಟ್ಟಿಯೇ ಉಳಿದವು. ಬಿಸಿ ಚಹಾದ ಲೋಟ ತಾಗಿದರೂ ಅವಕ್ಕೆ ಗೊತ್ತಾಗುವುದಿಲ್ಲ. ನರಕ್ಕೆ ಪೆಟ್ಟಾಗಿದೆ, ಸರಿಯಾದರೆ ನಿಧಾನಕ್ಕೆ ಆಗಬಹುದು, ಕೈಗೆ ಕೆಲಸ ಕೊಡುತ್ತಿರಿ ಎಂದರು ಡಾಕ್ಟರು. ಇವರು ಮನೆಗೆ ಬಂದವರೇ ಗಾಳದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು.

"ಆಳ ಗೊತ್ತಾಗದ ಕೈ ತಗಂಡು ನೀರಿಗೆ ಹೋಗಿ ಎಂತ ಮಾಡೂದು?" ಅಂದರು. ಅಷ್ಟೆ. ಆಮೇಲೆ ಗದ್ದೆಗೆ ಹೋಗುವುದು, ಬರುವುದು, ಉಣ್ಣುವುದು, ಮಲಗುವುದು. ಮಾತು ಕಡಿಮೆಯಾಯಿತು. ಬೆಳಿಗ್ಗೆ ಎದ್ದು ಹಿನ್ನೀರಿನ ಕಡೆ ನೋಡುತ್ತಿದ್ದ ಮನುಷ್ಯ ಅತ್ತ ಬೆನ್ನು ಮಾಡಿ ಹಲ್ಲುಜ್ಜಲು ಶುರು ಮಾಡಿದರು. ಅದನ್ನು ನೋಡಿದಾಗಲೆಲ್ಲ ಮುರಿದದ್ದು ಮೊಣಕೈ ಒಂದೇ ಅಲ್ಲ ಅನ್ನಿಸುತ್ತಿತ್ತು.

ಹಾಗಾಗಿ ಆ ಫೋನು ಬಂದಾಗ ನನಗಾದದ್ದು ಖುಷಿಯೋ ಹೆದರಿಕೆಯೋ ಹೇಳಲಾರೆ. ನೀರಿಗೆ ಹೋಗಿ, ಈ ಕೈ ಇನ್ನು ಆಗದು ಎಂದು ಅವರಿಗೇ ಖಾತ್ರಿಯಾಗಿಬಿಟ್ಟರೆ? ಇನ್ನೊಂದು ಸಲ ದೋಣಿಯನ್ನು ಬೋರಲು ಹಾಕಿ ಬಂದರೆ, ಆಮೇಲೆ ಅವರು ಅದನ್ನು ಎತ್ತುವವರಲ್ಲ. ಸಗಣಿ ಕೈಯಲ್ಲೇ ಇಳಿಜಾರಿನಲ್ಲಿ ಓಡಿದೆ.

ನಾನು ನೀರಿನ ಊರಿನವಳಲ್ಲ. ಹುಲಗೋಳದ ಗದ್ದೆ ಮನೆಯ ಹುಡುಗಿ. ತವರಿನಲ್ಲಿ ಮೀನು ಅಂದರೆ ಮಳೆಗಾಲದಲ್ಲಿ ಗದ್ದೆ ಹತ್ತಿ ಬರುವ ಮೀನು, ಇಲ್ಲವೇ ಘಟ್ಟದ ಕೆಳಗಿನಿಂದ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಬರುವವನ ಬಂಗಡೆ. ಮದುವೆಯಾಗಿ ಯಲ್ಲಾಪುರ ಕಡೆಯ ಈ ಹಿನ್ನೀರಿನ ಮನೆಗೆ ಬಂದಾಗ, ಬೆಳಗಿನ ಮಂಜಿನಲ್ಲಿ ಇಷ್ಟು ದೊಡ್ಡ ನೀರು ನೋಡಿ ಹೆದರಿ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ನೀರಿನ ನಡುವೆ ಸತ್ತ ಮರಗಳ ಬೋಳು ತಲೆಗಳು. ಅಲ್ಲೆಲ್ಲ ಮುಂಚೆ ಗದ್ದೆಯಿತ್ತು ಎಂದು ಅತ್ತೆ ತೋರಿಸಿದರು. ಅಣೆಕಟ್ಟು ಆದಾಗ ಅವರು ನಟ್ಟಿ ಮಾಡಿದ ಗದ್ದೆ, ಬಡಿದ ಕಣ, ಸೇದಿದ ಬಾವಿ ಎಲ್ಲ ಒಳಗೆ ಹೋಗಿ, ಮೇಲಿನ ಈ ತುಂಡು ಜಾಗ ಉಳಿಯಿತಂತೆ. ಅತ್ತೆ ದೋಣಿ ಹತ್ತಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಆದರೆ ದಡದಲ್ಲಿ ನಿಂತು, "ತಮ್ಮಾ, ಇನ್ನೂ ಬಲಕ್ಕೆ ಹೋಗು, ಅಲ್ಲಿ ಬಾವಿಕಟ್ಟೆ ಅದೆ, ಮೀನು ಕಲ್ಲಿನ ಸಂದಿಗೆ ಕೂರ್ತದೆ" ಎಂದು ಮಗನಿಗೆ ಕೂಗಿ ಹೇಳುತ್ತಿದ್ದರು. ಮಗನನ್ನು ಅವರು ಕರೆಯುವುದು ತಮ್ಮ ಎಂದು, ನನ್ನನ್ನು ತಂಗಿ ಎಂದು.

ಇವರದು ದಡದಲ್ಲಿ ಕೋಲು ಹಿಡಿದು ಕಾಯುವ ಬೇಟೆಯಲ್ಲ. ದೋಣಿಯ ಹಿಂದೆ ಮೂರು ದಾರ ಬಿಟ್ಟು ನಿಧಾನಕ್ಕೆ ಎಳೆದುಕೊಂಡು ಹೋಗುವುದು. ದಾರ ಅಂದರೆ ತಂಗೂಸಿ, ನೀರಲ್ಲಿ ಕಣ್ಣಿಗೆ ಕಾಣದ ತೆಳು ನೈಲಾನ್ ಎಳೆ. ಅದರ ತುದಿಗೆ ಪುಕ್ಕದ ಗಾಳ. ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಳದ ಕುತ್ತಿಗೆಗೆ, ಹಳೆ ಬೀಸುಬಲೆಯಿಂದ ಬಿಚ್ಚಿದ ಸೀಸದ ಚೂರನ್ನು ಬಡಿದು ಸುತ್ತಬೇಕು. ಅದರ ಕೆಳಗೆ ಹುಂಜದ ಕುತ್ತಿಗೆಯ ಪುಕ್ಕ ಎರಡೇ ಎಳೆ, ಹೊಲಿಗೆ ದಾರದಲ್ಲಿ ಬಿಗಿದು ಗಂಟು. ಹುಂಜವೂ ಯಾವುದೋ ಒಂದಲ್ಲ. ವರ್ಷಕ್ಕೊಮ್ಮೆ ದಡದ ಮರದಡಿಯ ದೇವತೆ ಚೌಡಿಗೆ ಕೊಡುವ ಹುಂಜದ ಪುಕ್ಕವೇ ಆಗಬೇಕು. ಅತ್ತೆ ಅದನ್ನು ಬಾಳೆಎಲೆಯಲ್ಲಿ ಸುತ್ತಿ ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಡುತ್ತಿದ್ದರು.

ನೀರಲ್ಲಿ ನೆನೆದು ಗಂಟು ಸಡಿಲವಾಗುತ್ತದೆ ಎಂದು ಇವರು ಗೊಣಗುವುದನ್ನು ಕೇಳಿ, ಮದುವೆಗೆಂದು ತಂದಿದ್ದ ನನ್ನ ಉಗುರುಬಣ್ಣದ ಸೀಸೆಯನ್ನು ಕೊಟ್ಟೆ. ಗಂಟಿನ ಮೇಲೆ ಒಂದು ಹನಿ ಹಚ್ಚಿದರೆ ಕಲ್ಲಿನ ಹಾಗೆ ಗಟ್ಟಿ. ಕೆಂಪು ತಲೆಯ ಪುಕ್ಕದ ಗಾಳಗಳನ್ನು ಸಾಲಾಗಿ ಹಲಗೆಗೆ ಚುಚ್ಚಿ ಒಣಗಲು ಇಟ್ಟಾಗ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.

"ಎಂತದ್ರೋ ಇದು? ಮದುಮಗಳ ಬಣ್ಣ ಎಲ್ಲ ಮೀನಿಗೆ ಬಳ್ದು ಮುಗಿಸ್ತ್ರಾ?"

"ಮೀನಿಗಲ್ಲ ಅವ್ವಾ, ಗಾಳಕ್ಕೆ" ಎಂದರು ಇವರು.

"ಎರಡೂ ಒಂದೇ ಸೈ. ಸಿಕ್ಕಿಬಿದ್ದವ್ರ ಕತೆ ನಂಗೆ ಗೊತ್ತದೆ" ಎಂದು ನನ್ನ ಕಡೆ ನೋಡಿ ನಕ್ಕರು. ಆ ಮನೆಗೆ ಬಂದ ಮೇಲೆ ನಾನು ಮೊದಲ ಸಲ ಬಾಯಿ ತುಂಬ ನಕ್ಕದ್ದು ಆವತ್ತೇ.

ಮೂರು ದಾರಕ್ಕೆ ಮೂರು ಆಳ. ಎರಡು ಕೈ ಅಗಲಿಸಿದರೆ ಒಂದು ಮಾರು. ಹಗುರದ ಸೀಸದ್ದು ಒಂದು ಮಾರು ಕೆಳಗೆ, ನಡುವಿನದು ಎರಡು ಮಾರು, ಭಾರದ್ದು ಮೂರು ಮಾರು. ಒಂದೊಂದು ಮಾರಿಗೆ ದಾರದ ಮೇಲೆ ಕೆಂಪು ನೂಲಿನ ಗುರುತು. ಸೂರ್ಯ ಹುಟ್ಟುವಾಗ ಮೀನು ಮೇಲೆ ಇರುತ್ತದೆ, ಬಿಸಿಲು ಏರಿದ ಹಾಗೆ ಇಳಿಯುತ್ತದೆ, ಚಳಿಗಾಲದಲ್ಲಿ ಅಂತೂ ಮುಳುಗಿದ ಹಳೆ ಕಣದ ಮೇಲೆ ಗುಂಪುಗಟ್ಟಿ ಕೂತುಬಿಡುತ್ತದೆ. ಆಗ ಮೂರನೆಯ ದಾರಕ್ಕೆ ಬಿಟ್ಟರೆ ಬೇರೆಯದಕ್ಕೆ ಬರುವುದೇ ಇಲ್ಲ. ನಾವು ಬಿಳಿಮೀನು ಎಂದೇ ಕರೆಯುವ ಆ ಅಂಗೈಯಗಲದ ಚಪ್ಪಟೆ ಮೀನಿನ ಬಾಯಿ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದು ಕಚ್ಚಿ ಎಳೆಯುವುದಿಲ್ಲ, ಮುಟ್ಟುತ್ತದೆ ಅಷ್ಟೆ. ಆ ಮುಟ್ಟಿದ್ದು ಬೆರಳಿಗೆ ಗೊತ್ತಾಗಬೇಕು, ಗೊತ್ತಾದ ಕೂಡಲೆ ಮೆತ್ತಗೆ ಎತ್ತಬೇಕು. ಜಗ್ಗಿದರೆ ಬಾಯಿ ಹರಿದು ಹೋಯಿತು. ಇವರು ಮೇಲಿನ ದಾರವನ್ನು ತೋರುಬೆರಳಿಗೆ, ನಡುವಿನದನ್ನು ನಡುಬೆರಳಿಗೆ, ಆಳದ್ದನ್ನು ಉಂಗುರದ ಬೆರಳಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ನೋಡಿದವರಿಗೆ ನಿದ್ದೆ ಮಾಡಿದ ಹಾಗೆ ಕಾಣಬೇಕು.

ದೋಣಿ ನಡೆಸುವುದು ನನ್ನ ಪಾಲಿಗೆ ಬಂತು. ಜೋರಾಗಿ ಹುಟ್ಟು ಹಾಕಿದರೆ ಗಾಳ ಮೂರೂ ಮೇಲೆ ಏಳುತ್ತವೆ. ತೀರ ನಿಧಾನಿಸಿದರೆ ಕೆಳಗಿಳಿದು ಮರದ ಬುಡಕ್ಕೆ ಸಿಕ್ಕಿಕೊಳ್ಳುತ್ತವೆ. ಒಂದೇ ಸಮ ಹೋಗಬೇಕು. ನನಗೆ ಆ ಸಮ ಹಿಡಿಯಲು ಬಹಳ ದಿನ ಬೇಕಾಯಿತು. ಕೊನೆಗೆ, ಬೆಳಿಗ್ಗೆ ಹೇಗೂ ದೇವರ ನಾಮ ಹೇಳಿಕೊಳ್ಳುವವಳು, ಒಂದು ನಾಮಕ್ಕೆ ಒಂದು ಹುಟ್ಟು ಎಂದು ಮನಸ್ಸಿನಲ್ಲೇ ಇಟ್ಟುಕೊಂಡೆ. ಅಲ್ಲಿಂದ ದೋಣಿ ಗಾಳದ ಮಾತು ಕೇಳಿತು. ಪೂಜೆಯೂ ಆಯಿತು, ಸಾರಿಗೂ ಆಯಿತು. ಮೀನು ಹಿಡಿಯುವಾಗ ದೇವರ ಹೆಸರು ಹೇಳಬಹುದೋ ಎಂಬ ಅಳುಕು ಮೊದಮೊದಲು ಇತ್ತು. ಅತ್ತೆಯನ್ನು ಕೇಳಿದೆ. "ಭತ್ತ ಕೊಯ್ಯೂವಾಗ ಹೇಳ್ತ್ಯಲ್ಲ? ಅದಕ್ಕೂ ಜೀವ ಇಲ್ಲನ?" ಎಂದರು. ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಏನಾದರೂ ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲಿ ದೋಣಿ ಹತ್ತಿದ ದಿನ ನಾಮ ಬೇಗ ಬೇಗ ಓಡುತ್ತಿತ್ತು. ಹುಟ್ಟೂ ಓಡುತ್ತಿತ್ತು. ಇವರು ಕಣ್ಣು ಬಿಡದೆಯೇ, "ಇವತ್ತು ನಿನ್ನ ದೇವ್ರಿಗೆ ಬಸ್ಸಿಗೆ ಹೊತ್ತಾಯ್ತನೆ?" ಎನ್ನುತ್ತಿದ್ದರು. ನಗಬಾರದು ಎಂದು ತುಟಿ ಕಚ್ಚಿಕೊಂಡರೂ ಹುಟ್ಟು ತಾನಾಗಿ ನಿಧಾನವಾಗುತ್ತಿತ್ತು. ಎಷ್ಟು ಜಗಳ ಆ ನೀರಿನ ಮೇಲೆ ಹೀಗೆ ಮುಗಿದು ಹೋದವೋ. ಮಂಜು ಏಳುವ ಮೊದಲು ಹೊರಟು, ಬೆನ್ನಿಗೆ ಬಿಸಿಲು ತಾಗುವಾಗ ವಾಪಸು. ಬುಟ್ಟಿಯಲ್ಲಿ ಒಂದು ಹೊತ್ತಿಗಾಗುವಷ್ಟು ಮೀನು. ಮೊದಲ ಮೀನನ್ನು ಚೌಡಿಯ ಹೆಸರು ಹೇಳಿ ವಾಪಸು ನೀರಿಗೆ. ಇಬ್ಬರೇ ಇರುವುದಕ್ಕೆ ಸಿಕ್ಕ ಹೊತ್ತು ಅದೊಂದೇ. ಆಗ ಅದನ್ನು ಸುಖ ಎಂದು ಕರೆಯಲು ಗೊತ್ತಿರಲಿಲ್ಲ, ಚಳಿ ಎಂದು ಗೊಣಗುತ್ತಿದ್ದೆ.

ಇವರು ಬಿದ್ದ ವಾರದಲ್ಲೇ ಅತ್ತೆ, "ತಂಗಿ, ಇನ್ನು ಒಲೆ ಮೇಲೆ ಮೀನು ಬೇಡ" ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಹಿರಿಯರು ಇಂಥದ್ದು ಬೇಡ ಎಂದರೆ ಕಾರಣ ಕೇಳುವುದಿಲ್ಲ. ಹರಕೆ ಇರಬಹುದು, ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂದು ನಂಬಿಕೆ. ಆದರೆ ನನಗೆ ಹರಕೆ ಅನ್ನಿಸಲೂ ಇಲ್ಲ. ಮಗನಿಗೆ ಮೀನು ಕಂಡರೆ ಬೇಜಾರಾಗುತ್ತದೆ, ಅದಕ್ಕೇ ಬೇಡ ಎಂದಿರಬೇಕು ಅಂದುಕೊಂಡೆ. ಬೈಕಿನವನು ಗೇಟಿನ ಹತ್ತಿರ ಹಾರ್ನ್ ಹೊಡೆದರೆ ಕೈ ಬೀಸಿ ಮುಂದೆ ಕಳಿಸುತ್ತಿದ್ದೆ. ಇವರು ಜಗುಲಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ನೋಡಿ ಏನಂದುಕೊಂಡರು ಎಂದು ನನಗೆ ಗೊತ್ತಾದದ್ದು ಆ ದಿನ ದೋಣಿಯಲ್ಲಿ.

ನಾನು ಏದುಸಿರು ಬಿಡುತ್ತ ದಡಕ್ಕೆ ಬಂದಾಗ ದೋಣಿ ನೀರಲ್ಲಿತ್ತು. ಅವರು ಮೊಣಕಾಲು ನೀರಲ್ಲಿ ನಿಂತಿದ್ದರು. ಅಟ್ಟದ ಡಬ್ಬಿ ದೋಣಿಯ ಹಲಗೆಯ ಮೇಲೆ.

"ಎಂತಕ್ಕೆ ಬಂದೆ?"

"ಅಂಗಳ ಸಾರಿಸಿ ಮುಗೀತು."

"ಕೈ ನೋಡಿದ್ರೇ ಗೊತ್ತಾಗ್ತದೆ."

ನೀರಿನಲ್ಲಿ ಕೈ ತೊಳೆದು, ಅವರು ಏನಾದರೂ ಹೇಳುವ ಮೊದಲೇ ಹತ್ತಿ ಹುಟ್ಟು ಹಿಡಿದೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತು ಶುರು ಮಾಡಿದರು.

"ಬೆಳಿಗ್ಗೆ ಬೇಲಿ ಕಟ್ಟೂಕೆ ಹೋದವ, ಚೌಡಿ ಮರದ ಹಿಂದೆ ಇದ್ದೆ. ಅವ್ವ ಬಂತು. ನಾ ಇದ್ದದ್ದು ಕಾಣ್ಲಿಲ್ಲ. ಚೌಡಿ ಹತ್ರ ಜಗಳ ಮಾಡ್ತಿತ್ತು."

"ಜಗಳವಾ?"

"ಹೂಂ. 'ಮಗನ ಬೆರಳಿಗೆ ದಾರ ಗೊತ್ತಾಗೂವರೆಗೆ ಮೀನು ಬೇಯ್ಸೂದಿಲ್ಲ ಅಂದೆ, ಬೇಯ್ಸ್ಲಿಲ್ಲ. ನನ್ನ ಬಾಯಿ ಚಪ್ಪೆಯಾಗಿ ಹೋಯ್ತು. ನಿನಗೆ ವರ್ಷ ವರ್ಷ ಹುಂಜ ಕೊಟ್ಟವಳು ನಾನು. ನಿನಗೆ ಮರೆವಾ, ಇಲ್ಲಾ ಸೋಮಾರಿತನವಾ?' ಅಂತ." ಅವರು ನೀರಿನ ಕಡೆ ನೋಡಿದರು. "ನೀವಿಬ್ರೂ ಮೀನು ಬಿಟ್ಟದ್ದು ನೋಡಿ, ನನ್ನ ಕತೆ ಮುಗೀತು ಅಂತ ನೀವೇ ತೀರ್ಮಾನ ಮಾಡ್ಕಂಡ್ರಿ ಅಂದ್ಕಂಡಿದ್ದೆ."

ನನಗೆ ಹುಟ್ಟು ಹಾಕುವುದು ಮರೆತುಹೋಯಿತು. ಅವರ ಬೆರಳಿಗಾಗಿ ಬಿಟ್ಟ ಮೀನು ಅವರನ್ನು ದಡಕ್ಕೇ ಕಟ್ಟಿಹಾಕಿತ್ತು. ಬೆರಳಿಗೆ ಗೊತ್ತಾಗಬೇಕಾದರೆ ದಾರ ಹಿಡಿಯಬೇಕು, ದಾರ ಹಿಡಿಯಲು ನೀರಿಗೆ ಹೋಗಬೇಕು, ನೀರಿಗೆ ಹೋಗದ ಹಾಗೆ ನಾವೇ ಬಾಯಿ ಮುಚ್ಚಿಕೊಂಡು ಕೂತಿದ್ದೆವು. "ನಂಗೂ ಗೊತ್ತಿರ್ಲಿಲ್ಲ" ಎಂದೆ. ಅವರು ತಲೆಯಾಡಿಸಿದರು. "ಒಲೆ ಮೇಲೆ ಬೇಡ ಅಂತ ಹರಕೆ. ನೀರಲ್ಲಿ ಬೇಡ ಅಂತ ಇಲ್ಲ" ಎಂದು ಡಬ್ಬಿ ಬಿಚ್ಚಿದರು.

ಮೂರು ದಾರ ಬಿಟ್ಟರು. ಬಿಸಿಲು ಏರಿಯಾಗಿತ್ತು, ಮೇಲಿನ ದಾರಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಒಂದು ಸಣ್ಣದು ಬಂತು. ಚೌಡಿಯ ಹೆಸರು ಹೇಳಿ ಬಿಟ್ಟರು. ಹಳೆ ಕಣದ ಮೇಲೆ ಹಾದುಹೋಗುವಾಗ ನಾನು ಅವರ ಉಂಗುರದ ಬೆರಳನ್ನೇ ನೋಡುತ್ತಿದ್ದೆ. ದಾರ ಅದರ ಮೇಲೆ ಸುಮ್ಮನೆ ಬಿದ್ದಿತ್ತು. ಒಮ್ಮೆ ದಾರ ಸಣ್ಣಗೆ ನಡುಗಿದ ಹಾಗೆ ನನ್ನ ಕಣ್ಣಿಗೆ ಕಂಡಿತು. ಅವರ ಮುಖದಲ್ಲಿ ಏನೂ ಆಗಲಿಲ್ಲ. ಆಚೆ ಹೋದ ಮೇಲೆ ದಾರ ಎತ್ತಿದರು. ಪುಕ್ಕ ಅರ್ಧ ಕಿತ್ತು ಹೋಗಿತ್ತು.

"ನೋಡು" ಎಂದು ನನ್ನ ಮುಂದೆ ಹಿಡಿದರು. "ಬಂದು, ತಿಂದು, ಹೋಗ್ಯದೆ. ನಂಗೆ ಸುದ್ದಿಯೇ ಇಲ್ಲ."

ಅವರು ದಾರವನ್ನು ಕಡ್ಡಿಗೆ ಸುತ್ತಲು ಶುರು ಮಾಡಿದರು. ಒಂದು ಸುತ್ತು, ಇನ್ನೊಂದು ಸುತ್ತು. ಮೂರನ್ನೂ ಸುತ್ತಿ ಮುಗಿಸಿದರೆ ದೋಣಿ ಮತ್ತೆ ಮತ್ತಿಮರದ ಬುಡಕ್ಕೆ.

"ಬೇರೆ ಪುಕ್ಕ ಹಾಕಿ. ಆ ದಾರ ಇಲ್ಲಿ ಕೊಡಿ" ಎಂದೆ.

"ನೀ ಹುಟ್ಟು ಹಾಕ್ತ್ಯೋ ದಾರ ಹಿಡೀತ್ಯೋ? ಎಷ್ಟು ಕೈ ಅದೆ ನಿಂಗೆ?"

"ಕೈ ಎರಡೇ. ಕಾಲು ಸುಮ್ನೇ ಕೂತದಲ್ಲ" ಎಂದು ಬಲಗಾಲನ್ನು ಅವರ ಕಡೆ ಚಾಚಿದೆ. "ಕಾಲುಂಗುರದ ಅಡಿಯಿಂದ ದಾರ ಹಾಯ್ಸಿ. ಬೆಳ್ಳಿಗೆ ತಾಗಿದ್ರೆ ನಂಗೆ ಗೊತ್ತಾಗ್ತದೆ."

ಅವರು ನನ್ನ ಕಾಲನ್ನೂ ಮುಖವನ್ನೂ ನೋಡಿದರು. "ಅವ್ವಂಗೆ ಗೊತ್ತಾದ್ರೆ ನಮ್ಮಿಬ್ರನ್ನೂ ನೀರಿಗೆ ಹಾಕ್ತದೆ. ಕಾಲುಂಗುರಕ್ಕೆ ಗಾಳ ಕಟ್ತಾರನೇ ಯಾರಾದ್ರೂ?"

"ಅದನ್ನ ಹಾಕಿದ್ದು ನೀವೇ ಅಲ್ಲನ? ನಿಮ್ಮ ಕೆಲಸಕ್ಕೆ ಬರದೆ ಇನ್ಯಾರ ಕೆಲಸಕ್ಕೆ ಬರ್ಬೇಕು ಅದು?"

ಕಟ್ಟಲಿಲ್ಲ, ಉಂಗುರದ ಅಡಿಯಿಂದ ದಾರ ಹಾಯಿಸಿ, ತುದಿಯನ್ನು ತಾವು ಎಡಗೈಯಲ್ಲಿ ಹಿಡಿದುಕೊಂಡರು. ನಾನು ದೋಣಿ ತಿರುಗಿಸಿ ಕಣದ ಕಡೆ ಹೊರಟೆ. ಒಂದು ನಾಮ, ಒಂದು ಹುಟ್ಟು. ದಾರ ಎಳೆಯುವ ಸಣ್ಣ ಭಾರ ಕಾಲಿನ ಬೆರಳಿಗೆ ಗೊತ್ತಾಗುತ್ತಿತ್ತು, ಒದ್ದೆ ಹುಲ್ಲಿನ ಎಸಳು ಸವರಿದ ಹಾಗೆ. ಅಷ್ಟು ವರ್ಷ ಇವರು ಕಣ್ಣು ಮುಚ್ಚಿ ಕೂರುತ್ತಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ಕಣ್ಣು ತೆರೆದಿದ್ದರೆ ಅಷ್ಟು ಸಣ್ಣದು ಗೊತ್ತಾಗುವುದೇ ಇಲ್ಲ. ನಾನೂ ಮುಚ್ಚಿದೆ. ಕೆಳಗೆಲ್ಲೋ ಅತ್ತೆ ಭತ್ತ ಬಡಿದ ನೆಲದ ಮೇಲೆ ನಮ್ಮ ಪುಕ್ಕ ತೇಲುತ್ತ ಹೋಗುತ್ತಿದೆ ಎಂದು ನೆನೆಸಿಕೊಂಡೆ.

ಬೆಳ್ಳಿಗೆ ಟಿಕ್ ಎಂದಿತು. ಮತ್ತೊಮ್ಮೆ, ಟಿಕ್.

"ಬಂತು."

ಅವರು ನನ್ನ ಕಾಲಿನ ಮುಂದಿನಿಂದ ದಾರವನ್ನು ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಎತ್ತಿಕೊಂಡರು. ಜಗ್ಗಲಿಲ್ಲ. ಮೂರು ಮಾರು ದಾರವನ್ನು ಮೆತ್ತಗೆ, ತೊಟ್ಟಿಲಿನಿಂದ ಮಗು ಎತ್ತುವ ಹಾಗೆ ಎತ್ತಿದರು. ಬಿಳಿಮೀನು ಬಿಸಿಲಿಗೆ ಬಂದು ಅಡ್ಡಕ್ಕೆ ಹೊಳೆಯಿತು. ಅಂಗೈಗಿಂತ ಅಗಲ.

ಆಮೇಲೆ ಇವರ ಬಾಯಿ ನಿಲ್ಲಲಿಲ್ಲ. "ಕಾಲು ಅಲ್ಲಾಡಿಸ್ಬೇಡ." "ಇನ್ನೂ ಎಡಕ್ಕೆ." "ಅದು ಮೀನಲ್ಲ, ಮರದ ಬೇರು, ನಿನ್ನ ಕಾಲಿಗೆ ಬುದ್ಧಿ ಇಲ್ಲ." "ಮೊದ್ಲು ಹೇಳು, ಆಮೇಲೆ ಕೂಗು!" ಎಂಟು ತಿಂಗಳಲ್ಲಿ ಆಡದ ಮಾತನ್ನೆಲ್ಲ ನನ್ನ ಕಾಲಿಗೆ ಬೈಯುತ್ತಲೇ ಆಡಿ ಮುಗಿಸಿದರು. ಬೈಸಿಕೊಳ್ಳುವುದು ಇಷ್ಟು ಹಿತ ಎಂದು ನನಗೆ ಗೊತ್ತಿರಲಿಲ್ಲ. ಕಣದ ಮೇಲೆ ಹೋಗಿ ಬಂದು ಮಾಡಿದೆವು. ಬುಟ್ಟಿಯ ತಳ ಮುಚ್ಚುವಷ್ಟಾಯಿತು. ದೇವರೇ, ಇಷ್ಟು ಸಾಕು ಎಂದೆ. ಗಟ್ಟಿಯಾಗಿಯೇ ಎಂದಿರಬೇಕು. "ಯಾಕೆ, ಕಾಲು ನೋವಾ?" ಎಂದರು ಅವರು.

ದಡದಲ್ಲಿ ಅತ್ತೆ ಕೋಲೂರಿಕೊಂಡು ನಿಂತಿದ್ದರು. ಪಕ್ಕದಲ್ಲಿ ಫೋನು ಮಾಡಿದ ನೆರೆಮನೆಯವಳು. ಅತ್ತೆ ಬುಟ್ಟಿಯೊಳಗೆ ಇಣುಕಿದರು. ಅವರ ಬಾಯಿಯಲ್ಲಿ ನೀರೂರಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಮಗನನ್ನು ಕೇಳಿದರು:

"ಬೆರಳಿಗೆ ಗೊತ್ತಾತನ ತಮ್ಮಾ?"

ಒಂದು ಸುಳ್ಳು ಹೇಳಿದ್ದರೆ ಮುಗಿದಿತ್ತು. ಇವರು ನನ್ನ ಕಡೆ ನೋಡಿದರು. "ಇಲ್ಲ ಅವ್ವಾ. ನನ್ನ ಬೆರಳಿಗಲ್ಲ. ಇವಳ ಕಾಲಿಗೆ ಗೊತ್ತಾತು."

"ಕಾಲಿಗಾ?"

ಬೆಳಿಗ್ಗೆ ಚೌಡಿ ಮರದ ಹಿಂದೆ ಇವರು ಕೇಳಿದ್ದರಿಂದ ಹಿಡಿದು ಎಲ್ಲ ಹೇಳಿದೆವು. ಬೈಯುತ್ತಾರೆ ಎಂದು ನಾನು ಕಾಲನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡೆ. ಅತ್ತೆ ಬುಟ್ಟಿಯನ್ನು ಎತ್ತಿ ನೆರೆಯವಳ ಕೈಗೆ ಕೊಟ್ಟರು. "ತಗಂಡು ಹೋಗು ಮಾರಾಯ್ತಿ. ನಾ ಕೇಳಿದ್ದು ಬೆರಳು. ಚೌಡಿಗೆ ಲೆಕ್ಕ ತಪ್ಸೂಕೆ ಆಗೂದಿಲ್ಲ." ಮಗನ ಕಡೆ ತಿರುಗಿ, "ನಾಳೆನೂ ಹೋಗ್ರಿ. ದಿನಾ ಹೋಗ್ರಿ. ಬೆರಳಿಗೆ ಕೆಲ್ಸ ಕೊಡ್ದೆ ಚೌಡಿಯಾದ್ರೂ ಎಂತ ಮಾಡ್ತು?" ಎಂದರು.

"ನಮ್ಮನೆಗೆ ಚಲೋ ಆತು" ಎಂದಳು ನೆರೆಯವಳು. "ಭಾವನ ಬೆರಳು ಸ್ವಲ್ಪ ನಿಧಾನಕ್ಕೇ ಸರಿಯಾಗ್ಲಿ."

ಎಲ್ಲರೂ ನಕ್ಕೆವು. ಆ ಬೆರಳುಗಳು ಈಗಲೂ ಪೂರ್ತಿ ಬಂದಿಲ್ಲ. ಕಿರುಬೆರಳಿಗೆ ಮಾತ್ರ ಈಚೆಗೆ ತಣ್ಣೀರು ತಣ್ಣಗೆ ಅನ್ನಿಸುತ್ತದಂತೆ. ನೆರೆಮನೆಯವರು ಚೆನ್ನಾಗಿ ಮೀನು ತಿನ್ನುತ್ತಿದ್ದಾರೆ.

ಅವತ್ತು ಇವರು ದೋಣಿಯನ್ನು ದಡಕ್ಕೆ ಎಳೆಯಲಿಲ್ಲ. ನೀರಲ್ಲೇ ಬಿಟ್ಟು, ಹಗ್ಗವನ್ನು ಮರದ ಬೇರಿಗೆ ಬಿಗಿದು, ಎಡಗೈಯಲ್ಲಿ ಗಂಟನ್ನು ಎಳೆದು ನೋಡಿದರು. ನಾನು ಅತ್ತೆಯ ಕೈ ಹಿಡಿದು ಏರು ಹತ್ತಿಸಿಕೊಂಡು ಮನೆಗೆ ಬಂದೆ. ಊಟದ ಹೊತ್ತಾಗುತ್ತ ಬಂದಿತ್ತು, ಸಾರಿಗೆ ಏನೂ ಇರಲಿಲ್ಲ. ಹಿತ್ತಲಿಗೆ ಹೋಗಿ ಎರಡು ದಂಟು ಬಸಳೆ ಕೊಯ್ದು ತಂದು, ಮೆಟ್ಟುಗತ್ತಿಯ ಮೇಲೆ ಕೂತು ಹೆಚ್ಚತೊಡಗಿದೆ.